ರಬ್ಬರಿನ ಎದೆಯಲ್ಲಿ ಸಿಕ್ಕ ಗಂಟು

ಅಮ್ಮಾ,

ಇವತ್ತು ನಮ್ಮ ಹೊಲಿಗೆ ಕಾರ್ಖಾನೆಗೆ ದೂರದೇಶದ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರಮ್ಮ ಬಂದಿದ್ದರು. ನಮ್ಮೂರ ಆಸ್ಪತ್ರೆಯ ಜೊತೆ ಸೇರಿ, ಎದೆಯ ಗಂಟನ್ನು ಹೆಂಗಸರು ತಾವೇ ಪತ್ತೆ ಹಚ್ಚುವುದನ್ನು ಕಲಿಸುತ್ತಾರಂತೆ. ಮೇಜಿನ ಮೇಲೆ, ಒಳಗೆ ಗಂಟು ಅಡಗಿಸಿದ್ದ ರಬ್ಬರಿನ ಎದೆಯೊಂದನ್ನು ಇಟ್ಟಿದ್ದರು.

ಗುಂಡಿ ಹಚ್ಚುವ ಅಕ್ಕ ಅದನ್ನು ಒತ್ತಿ ಒತ್ತಿ ಸೋತಳು. "ನನ್ನ ಗಂಡನ ತಲೇಲಿ ಬುದ್ಧಿ ಹುಡುಕಿದ ಹಾಗಾಯ್ತು ಕಣ್ರೇ!" ಎಂದಳು. ಎಲ್ಲರೂ ನಕ್ಕು ನನ್ನನ್ನು ಮುಂದೆ ನೂಕಿದರು. "ಹೋಗೇ ಮೂಗಿ, ಇದಕ್ಕೆ ಮಾತು ಬೇಕಾಗಿಲ್ಲ."

ಬೆರಳಿಟ್ಟ ಕೂಡಲೇ ಸಿಕ್ಕಿತು, ಕಡಲೆಕಾಳಿನಷ್ಟು. ನೀನು ನಾಚಿಕೆಯಿಂದ ಕೊನೆಗಾಲದವರೆಗೂ ಮುಚ್ಚಿಟ್ಟುಕೊಂಡ ಗಂಟೂ ಮೊದಲು ಇಷ್ಟೇ ಇದ್ದಿರಬೇಕು.

"ಭಲೇ, ನಿನ್ನ ಬೆರಳಿಗೆ ಕಣ್ಣಿದೆಯಲ್ಲೇ ಹುಡುಗಿ!" ಎಂದರು ಡಾಕ್ಟರಮ್ಮನ ಜೊತೆ ಬಂದಿದ್ದ ನಮ್ಮೂರ ಆಸ್ಪತ್ರೆಯ ನರ್ಸಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು.

ನೀನು ಅದನ್ನು ಮುಚ್ಚಿಟ್ಟುಕೊಂಡಿದ್ದ ಆ ವರ್ಷವೆಲ್ಲ ನಾನು ನಿನ್ನನ್ನು ತಬ್ಬಿಕೊಂಡೇ ಮಲಗುತ್ತಿದ್ದೆನಲ್ಲಮ್ಮ.