ಮಾವನ ಪೆನ್ನಿಗೆ ತುಂಬಿದ ಇಂಕು

ತೂಬಗೆರೆ
14-11-2024, ಗುರುವಾರ

ಪ್ರೀತಿಯ ಜ್ಯೋತಕ್ಕನಿಗೆ,

ದಿವ್ಯಳ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಹಾಗಿಲ್ಲ. ಮಾವನವರಿಗೆ ಹೃದಯಾಘಾತವಾಗಿ ಆಸ್ಪತ್ರೆಗೆ ಸೇರಿಸಿರುವುದನ್ನು ಇವರು ನಿನಗೆ ಫೋನಿನಲ್ಲಿ ಹೇಳಿದ್ದಾರೆ. ಆಮೇಲೆ ನೀನು ಮೂರು ಸಲ ಫೋನ್ ಮಾಡಿದೆ, ನಾನು ಹೂಂ ಹೂಂ ಅಂದು ಇಟ್ಟುಬಿಟ್ಟೆ. ಮನೆ ತುಂಬ ನೆಂಟರು. ಹೇಳಬೇಕಾದ್ದನ್ನು ಬಾಯಿಬಿಟ್ಟು ಹೇಳಲು ಒಂದು ಮೂಲೆಯೂ ಇಲ್ಲ, ಧೈರ್ಯವೂ ಇಲ್ಲ. ಅದಕ್ಕೇ ಈ ಕಾಗದ.

ಸೀರೆ ಅಂಗಡಿಯವರು ಡಬ್ಬದ ಮೇಲೆ ಹಾಕಲು ಮಗ್ಗದ ಚಿತ್ರ ಕೇಳಿದ್ದು ನಿನಗೆ ಗೊತ್ತಲ್ಲ. ಮೊದಲು ಇಂಕಿನಲ್ಲಿ ಗೆರೆ ಎಳೆದು, ಮೇಲೆ ನೀರುಬಣ್ಣ ಹಚ್ಚಿದೆ. ಕುಂಚ ತಾಗಿದ್ದೇ ತಡ, ಗೆರೆಯೆಲ್ಲ ಕರಗಿ ಮಗ್ಗದ ನೂಲು ನೀಲಿ ಕೆಸರಾಯಿತು. ನೀರಿಗೆ ಕರಗದ ಇಂಕು ತಗೋ ಅಂತ ನೀನು ಹೇಳಿದೆ. ಅದನ್ನು ಅದ್ದಿ ಬರೆಯುವ ಕಡ್ಡಿಯಲ್ಲೇ ಬಳಸು, ಪೆನ್ನಿಗೆ ತುಂಬಬೇಡ, ಒಳಗೇ ಒಣಗಿ ಕಚ್ಚಿಕೊಳ್ಳುತ್ತೆ ಅಂತಲೂ ಹೇಳಿದ್ದೆ. ನಾನು ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಿಂದ ಸೀಸೆ ತಂದು ಮಾವನವರ ಪೆನ್ನಿಗೆ ತುಂಬಿದೆ.

ಆ ಪೆನ್ನು ಅವರ ಬಾಯಿ, ಅಕ್ಕ. ಗಂಟಲಿನ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದ ಮೇಲೆ, ಎರಡು ವರ್ಷದಿಂದ ಅವರ ಮಾತೆಲ್ಲ ಅದರಲ್ಲೇ. ಬಾಲ್ ಪೆನ್ನು ಒತ್ತುವಷ್ಟು ಬಲ ಬೆರಳಿಗಿಲ್ಲ. ಈ ಹಳೆಯ ಇಂಕ್ ಪೆನ್ನಿನ ಸವೆದ ನಿಬ್ಬು ತಾನಾಗಿಯೇ ಜಾರುತ್ತದೆ. ನಾನು ಬಿಡಿಸಿದ ಹಸುವನ್ನು ನೋಡಿ 'ಎಮ್ಮೆ ಚೆನ್ನಾಗಿದೆ' ಎಂದು ಬರೆದುಕೊಟ್ಟವರು ಅವರು. ಹಲ್ಲಿಗೂ ಕುಕ್ಕರಿನ ಸೀಟಿಗೂ ಬೆಚ್ಚುವ ನನಗೆ 'ಪುಕ್ಕಲಮ್ಮ' ಎಂದು ಹೆಸರಿಟ್ಟವರು. ನಮ್ಮ ಅಪ್ಪ ಹೋದ ಮೇಲೆ ನನ್ನನ್ನು ಮಗು ಎಂದು ಕರೆದವರು ಅವರೊಬ್ಬರೇ.

ಭಾನುವಾರ ಅತ್ತೆ ಮಾವ ರಾಜಘಟ್ಟದ ನೆಂಟರ ಮನೆಗೆ ಗೃಹಪ್ರವೇಶಕ್ಕೆ ಹೋದರು. ಹತ್ತು ಜನರ ಮುಂದೆ ಬರೆದು ತೋರಿಸಲು ಮಾವನಿಗೆ ಸಂಕೋಚ, ಪೆನ್ನು ಮನೆಯಲ್ಲೇ ಬಿಟ್ಟರು. ನನ್ನ ಪೆನ್ನಿನ ನಿಬ್ಬು ದಪ್ಪ, ಅದರಲ್ಲಿ ನೂಲಿನಂಥ ಗೆರೆ ಬರುವುದಿಲ್ಲ. ಒಂದು ದಿನಕ್ಕೆ ತಾನೇ ಎಂದುಕೊಂಡೆ. ಅವರ ಪೆನ್ನಿನಲ್ಲೇ ಎಳೆದ ಗೆರೆ ಒಣಗಿದ ಮೇಲೆ ಬಣ್ಣದ ನೀರು ಎಷ್ಟು ಹರಿಸಿದರೂ ಒಂದು ಎಳೆಯೂ ಅಲುಗಲಿಲ್ಲ. ಆ ಖುಷಿಯಲ್ಲಿ ಪೆನ್ನಿಗೆ ಮುಚ್ಚಳ ಹಾಕುವುದನ್ನೇ ಮರೆತೆ.

ಇಷ್ಟೇ ಆಗಿದ್ದರೆ ಅದೊಂದು ತಪ್ಪು ಅನ್ನಬಹುದಿತ್ತು. ಸೋಮವಾರ ರಾತ್ರಿ ನೋಡಿದರೆ ಪೆನ್ನು ಬರೆಯಲಿಲ್ಲ. ಬಿಸಿನೀರಿನಲ್ಲಿಟ್ಟೆ, ಕೊಡವಿದೆ, ಸೂಜಿಯಿಂದ ಕೆದಕಿದೆ. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು. ಒರೆಸಿ, ಮುಚ್ಚಳ ಹಾಕಿ, ಮಾವನ ದಿಂಬಿನ ಪಕ್ಕದ ನೋಟ್‌ಬುಕ್ಕಿನ ಮೇಲೆ ಮೊದಲಿದ್ದ ಹಾಗೆಯೇ ಇಟ್ಟುಬಿಟ್ಟೆ. ಗೊತ್ತಿದ್ದೂ ಇಟ್ಟೆ. ನಾಳೆ ಹೇಳಿದರಾಯಿತು, ಹೊಸದೊಂದು ತಂದುಕೊಟ್ಟರಾಯಿತು ಎಂದುಕೊಂಡೆ. ಮಾವ ದಣಿದು ಬಂದಿದ್ದರು, ಏನೂ ಬರೆಯದೆ ಮಲಗಿದರು. ಸದ್ಯ ಬಚಾವಾದೆ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಕಾಫಿ ತೆಗೆದುಕೊಂಡು ಹೋದಾಗ ಅವರು ಎದ್ದು ಕೂತು ಬರೆಯುತ್ತಿದ್ದರು. ಕನ್ನಡಕ ಹಾಕಿರಲಿಲ್ಲ. ನಿಬ್ಬು ಕಾಗದವನ್ನು ಗೀರುವ ಸದ್ದು ಕೇಳಿಸುತ್ತಿತ್ತು, ಹಾಳೆ ಮಾತ್ರ ಬಿಳಿ. ಬರೆದು ಮುಗಿಸಿ ಅತ್ತೆಯ ಕಡೆ ಚಾಚಿದರು. ಏನೂ ಮೂಡಿಲ್ವಲ್ರೀ, ಇಂಕು ಖಾಲಿ ಆಗಿದ್ಯೇನೋ ಅಂದರು ಅತ್ತೆ. ಬಾಲ್ ಪೆನ್ನು ಕೊಟ್ಟರು, ಬೆರಳಿನಿಂದ ಜಾರಿ ಬಿತ್ತು. ಮಾವ ತುಟಿ ಅಲ್ಲಾಡಿಸಿದರು, ಕೈಯನ್ನು ಎದೆಯ ಹತ್ತಿರ ತಂದರು. ಉಸಿರಾಡಲು ಕತ್ತಿನಲ್ಲಿ ಬಿಟ್ಟಿರುವ ತೂತನ್ನು ಕೆಮ್ಮು ಬಂದಾಗ ಮುಚ್ಚಿಕೊಳ್ಳಲು ಆ ಕೈ ದಿನಕ್ಕೆ ನೂರು ಸಲ ಅತ್ತಲೇ ಹೋಗುತ್ತದೆ. ಕಫ ಕಟ್ಕೊಂಡಿರ್ಬೇಕು, ಬಿಸಿನೀರು ಕಾಯ್ಸಮ್ಮ ಅಂದರು ಅತ್ತೆ. ಮಾವ ನನ್ನನ್ನೇ ನೋಡುತ್ತಿದ್ದರು. ನಾನು ಪೆನ್ನಿನ ಮಾತು ಎತ್ತದೆ ಒಲೆ ಹಚ್ಚಲು ಹೋದೆ. ಇವರು ನೆಲಮಂಗಲದ ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಎಂಟೂವರೆಗೆ ಮಾವ ಕುಸಿದರು.

ನೋವು ಶುರುವಾಗಿದ್ದು ಯಾವಾಗ ಎಂದು ಡಾಕ್ಟರು ಎರಡು ದಿನದಿಂದ ಕೇಳುತ್ತಿದ್ದಾರೆ. ಅತ್ತೆ ಎಂಟೂವರೆ ಅನ್ನುತ್ತಾರೆ. ನಾನು ನೆಲ ನೋಡುತ್ತೇನೆ.

ಆ ಹಾಳೆ ನನ್ನ ಹತ್ತಿರ ಇದೆ. ಆವತ್ತಿನ ಗಲಾಟೆಯಲ್ಲಿ ನೋಟ್‌ಬುಕ್ಕಿನಿಂದ ಹರಿದುಕೊಂಡು ನನ್ನ ಚಿತ್ರದ ಪುಸ್ತಕದೊಳಗೆ ಬಚ್ಚಿಟ್ಟೆ. ಬೆಳಕಿಗೆ ಹಿಡಿದರೆ ಗೀರು ಕಾಣುತ್ತದೆ, ಓದಲಾಗುವುದಿಲ್ಲ. ಉಗುರಿನಿಂದ ಗೀರಿದ ಕಾಗದಕ್ಕೆ ತೆಳ್ಳಗೆ ಬಣ್ಣ ಬಳಿದರೆ ಗೀರಿನೊಳಗೆ ಬಣ್ಣ ನಿಂತು ಗಾಢವಾಗಿ ಮೂಡುತ್ತದೆ ಎಂದು ಹೊಸಕೋಟೆಯ ನಿನ್ನ ಡ್ರಾಯಿಂಗ್ ಕ್ಲಾಸಿನಲ್ಲಿ ಮಕ್ಕಳಿಗೆ ತೋರಿಸಿದ್ದೆಯಲ್ಲ, ಅದು ನೆನಪಿದೆ. ಎರಡು ಸಲ ಕುಂಚ ಅದ್ದಿದೆ, ಎರಡು ಸಲವೂ ಕೆಳಗಿಟ್ಟೆ. ಪೆನ್ನು ಕೆಡಿಸಿದವಳು ನಾನೇ ಎಂದು ಬರೆದಿದ್ದರೆ? ಅದಾದರೂ ಪರವಾಗಿಲ್ಲ. ನೋವು ಎಂದು ಬರೆದಿದ್ದರೆ, ಆರೂವರೆಯಿಂದ ಎಂಟೂವರೆಯವರೆಗಿನ ಎರಡು ಗಂಟೆ ನನ್ನ ತಲೆಯ ಮೇಲೆ. ಆಮೇಲೆ ಇವರು ನನ್ನ ಮುಖ ನೋಡುತ್ತಾರೋ ಇಲ್ಲವೋ. ಮಾವ ಎದ್ದು ಬಂದರೆ ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಬರದಿದ್ದರೆ?

ಏನು ಮಾಡಲಿ ಎಂದು ಬರೆ ಅಕ್ಕ. ನಿನ್ನ ಉತ್ತರ ಬರುವವರೆಗೂ ಆ ಹಾಳೆಯನ್ನು ಮುಟ್ಟುವುದಿಲ್ಲ.

ನಿನ್ನ ಪುಕ್ಕಲು ತಂಗಿ,
ದಿವ್ಯ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಮೊದಲೇ ಬಳಿದುಬಿಟ್ಟೆ, ಮಗ್ಗದ ಚಿತ್ರಕ್ಕೆ ಕಲಸಿ ಉಳಿದಿದ್ದ ನೀಲಿಯನ್ನೇ. ಪೆನ್ನಿನ ಸುದ್ದಿಯೇ ಅದರಲ್ಲಿಲ್ಲ. ಅತ್ತೆಗೆ ಬರೆದದ್ದು: 'ಬೆಳಗಿನ ಜಾವದಿಂದ ಎದೆ ಹಿಡ್ಕೊಂಡಿದೆ ಲಕ್ಷ್ಮೀದೇವಿ. ಎಡಗೈಗೂ ಇಳೀತು. ಅಶೋಕನಿಗೆ ಫೋನ್ ಮಾಡು. ಮಗೂಗೆ ಹೇಳ್ಬೇಡ, ಹೆದರ್ಕೋತಾಳೆ.' ಅತ್ತೆ ಸ್ನಾನಕ್ಕೆಂದು ಆಸ್ಪತ್ರೆಯಿಂದ ಈಗ ತಾನೇ ಬಂದಿದ್ದಾರೆ. ಹಾಳೆ ಇನ್ನೂ ಹಸಿಯಾಗಿದೆ. ಅವರನ್ನು ಇಲ್ಲಿಗೇ ಕರೆದಿದ್ದೇನೆ.