ಸಿಟ್ಟು ಬಂದ ಕೋಸಂಬರಿ

ಬನಶಂಕರಿ ಎರಡನೇ ಹಂತ
ಶುಕ್ರವಾರ, ೧೨-೯-೨೦೨೫
ಬೆಳಿಗ್ಗೆ ಏಳೂವರೆ

ಪ್ರೀತಿಯ ಮೈತ್ರಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯ? ಪಿ.ಜಿ.ಯಲ್ಲಿ ಬಿಸಿನೀರು ಸರಿಯಾಗಿ ಬರುತ್ತಿದೆಯೇ? ಮಡಿವಾಳದ ಕಡೆ ಧೂಳು ಜಾಸ್ತಿ, ನಿನಗೆ ಸೀನು ಶುರುವಾಗಿರಬೇಕು. ಶುರುವಾಗಿದ್ದರೂ ನೀನು ಹೇಳುವವಳಲ್ಲ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಬೆಳಿಗ್ಗೆ ಮುಷ್ಕರ ಹೂಡುತ್ತದೆ, ಪೂಜೆ ಮುಗಿಯುವ ಹೊತ್ತಿಗೆ ರಾಜಿಯಾಗುತ್ತದೆ. ಮೊದಲೇ ಒಂದು ಮಾತು. ಮದುವೆಯಾದ ಹೆಣ್ಣಿಗೆ ಕಾಗದ ಬರೆಯುವಾಗ ಹೆಸರಿಗೆ ಮೊದಲು ಚಿ. ಸೌ. ಎಂದು ಬರೆಯುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಇವತ್ತು ಚಿ. ಎಂದು ಬರೆದ ಮೇಲೆ ಕೈ ನಿಂತುಬಿಟ್ಟಿತು. ಆ ಹಾಳೆ ಹರಿದು ಹಾಕಿ, ಬರೀ ಹೆಸರು ಬರೆದು ಇದನ್ನು ಶುರುಮಾಡಿದ್ದೇನೆ.

ದಿನಾ ಸಂಜೆ ಫೋನ್ ಮಾಡುತ್ತೀಯ, ಇನ್ನು ಕಾಗದ ಯಾಕೆ ಎಂದು ಕೇಳಬೇಡ. ನೀನು "ಊಟ ಆಯ್ತಾ ಅತ್ತೆ, ಮಾತ್ರೆ ತಗೊಂಡ್ರಾ" ಎನ್ನುತ್ತೀಯ, ನಾನು "ಆಯ್ತು, ತಗೊಂಡೆ" ಎನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತದೆ. ನೀನು ಹೋಗಿ ಇವತ್ತಿಗೆ ಮೂರು ವಾರ. ಇಪ್ಪತ್ತೊಂದು ದಿನ ಬರೀ ಊಟ, ಮಾತ್ರೆ. ಮೇಲಿನ ಮನೆಯ ಕಮಲಾದೇವಿಯ ಬ್ಯಾಂಕು ಮಡಿವಾಳದಲ್ಲೇ ಇರುವುದರಿಂದ, ಈ ಕಾಗದವನ್ನೂ ಜೊತೆಗೆ ಒಂದು ಬಾಟಲಿಯನ್ನೂ ನಿನ್ನ ಪಿ.ಜಿ.ಗೆ ತಲುಪಿಸುತ್ತೇನೆ ಎಂದಿದ್ದಾಳೆ. ಅವಳು ಹೊರಡುವುದು ಒಂಬತ್ತಕ್ಕೆ. ಅಷ್ಟರೊಳಗೆ ಬಾಟಲಿಯೂ ತುಂಬಬೇಕು, ಕಾಗದವೂ ತುಂಬಬೇಕು. ಯಾವುದು ಮೊದಲು ಮುಗಿಯುತ್ತದೋ ನೋಡೋಣ.

ಬಾಟಲಿಯಲ್ಲಿರುವುದು ನಿನ್ನ ಉಪ್ಪಿನಕಾಯಿಯೇ. ನಗಬೇಡ. ಅದೇ, ಹಾಸ್ಟೆಲ್ಲಿನಲ್ಲಿ ಒಲೆಯಿಲ್ಲದೆ ಮಾಡಿಕೊಳ್ಳುತ್ತಿದ್ದೆವು ಎಂದು ನೀನು ಹೇಳುತ್ತಿದ್ದ ಎಲೆಕೋಸು, ಕ್ಯಾರೆಟ್, ಮೂಲಂಗಿಯದು. ಮದುವೆಯಾಗಿ ಬಂದ ಹೊಸತರಲ್ಲಿ ನೀನು ಅದನ್ನು ಮಾಡಿಟ್ಟಾಗ ನಾನು "ಇದು ಉಪ್ಪಿನಕಾಯಿ ಅಲ್ಲ ಕಣೇ, ಕೋಸಂಬರಿಗೆ ಸಿಟ್ಟು ಬಂದಿರೋದು" ಎಂದಿದ್ದೆ. ನನ್ನ ಮಗರಾಯ ಕೈಲಾಸ ಊಟದ ನಡುವೆ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಿದ್ದ. ಅವತ್ತಿನಿಂದ ಈ ಮನೆಯಲ್ಲಿ ಅದರ ಹೆಸರೇ ಅದಾಯಿತು. ನನ್ನ ಲೆಕ್ಕದಲ್ಲಿ ಉಪ್ಪಿನಕಾಯಿ ಎಂದರೆ ವರ್ಷ ತಡೆಯಬೇಕು. ಬೇಸಿಗೆಯಲ್ಲಿ ಜಾಡಿಗೆ ಹಾಕಿ, ಬಟ್ಟೆ ಕಟ್ಟಿ, ಮುಂದಿನ ಬೇಸಿಗೆಯವರೆಗೆ ಚಿಂತೆಯಿಲ್ಲದೆ ಇರಬೇಕು. ನಾಲ್ಕು ದಿನಕ್ಕೆ ಮುಗಿದು ಹೋಗುವುದಕ್ಕೆ ಇಷ್ಟು ಹೆಚ್ಚುವುದೇಕೆ ಎಂದು ವಾದಿಸುತ್ತಿದ್ದೆ. ಈಗ ಹೇಳುತ್ತೇನೆ ಕೇಳು: ನೀನು ಬಿಟ್ಟುಹೋದ ಬಾಟಲಿ ನಾಲ್ಕನೇ ದಿನಕ್ಕೆ ಖಾಲಿಯಾಯಿತು. ಜಾಡಿಯ ಮಾವಿನಕಾಯಿ ಹಾಗೇ ಇದೆ, ನನಗೆ ಬೇಕೆನ್ನಿಸುತ್ತಿಲ್ಲ.

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಗೆ ನೀನು ಬರೆದಿಟ್ಟಿದ್ದೆಯಲ್ಲ, ಅದನ್ನು ಮುಂದಿಟ್ಟುಕೊಂಡು, ಕನ್ನಡಕ ಹಾಕಿಕೊಂಡು ಬೆಳಿಗ್ಗೆ ಆರಕ್ಕೇ ಕೂತೆ. ಎಲೆಕೋಸನ್ನು ನೂಲಿನಂತೆ ಹೆಚ್ಚಬೇಕಂತೆ. ನನ್ನದು ನೂಲಾಗಿಲ್ಲ, ಲಾಡಿಯಾಗಿದೆ. ಶುಂಠಿ, ಹಸಿಮೆಣಸಿನಕಾಯಿ ಸೀಳಿ ಹಾಕಿ ಎಲ್ಲಕ್ಕೂ ಉಪ್ಪು ಬೆರೆಸಿಟ್ಟಿದ್ದೇನೆ. ಅರ್ಧ ಗಂಟೆ ಮುಟ್ಟಬಾರದು ಎಂದು ನೀನು ಎರಡು ಗೆರೆ ಎಳೆದು ಬರೆದಿದ್ದೀಯ. ನನ್ನನ್ನು ನೀನು ಚೆನ್ನಾಗಿ ಬಲ್ಲೆ. ಈ ಕಾಗದ ಶುರುಮಾಡಿದ ಮೇಲೆ ಮೂರು ಸಲ ಎದ್ದು ಹೋಗಿ ಮುಚ್ಚಳ ತೆಗೆದು ನೋಡಿ ಬಂದಿದ್ದೇನೆ.

ಕೂತರೆ ಕೂರಲಾಗುತ್ತಿಲ್ಲ, ಹಾಗಾಗಿ ಆ ದಿನದ ಮಾತೇ ಬರೆದುಬಿಡುತ್ತೇನೆ. ನಿನ್ನ ಆಫೀಸಿನ ಬಸವಪ್ರಸಾದ್ ಬಂದದ್ದು ನಿನ್ನನ್ನು ಮದುವೆಯಾಗುವ ವಿಷಯ ನನ್ನ ಕಿವಿಗೆ ಹಾಕುವುದಕ್ಕೆ ಎಂದು ಬಾಗಿಲಲ್ಲೇ ನನಗೆ ಗೊತ್ತಾಯಿತು. ಚಪ್ಪಲಿಯನ್ನು ಅಷ್ಟು ಜೋಡಿಸಿ ಬಿಡುವ ಗಂಡಸು ಸುಮ್ಮನೆ ಬಂದಿರುವುದಿಲ್ಲ. ನೀನು ಚಪಾತಿ, ಪಲ್ಯ, ತುದಿಗೆ ಈ ಸಿಟ್ಟಿನ ಕೋಸಂಬರಿ ಬಡಿಸಿದೆ. ಅವರು ಎರಡನೇ ತುತ್ತಿಗೆ "ಸಖತ್ತಾಗಿದೆ ಇದು" ಎಂದರು. ಆ ಮಾತು ಹೇಳುತ್ತಿದ್ದವನು ಕೈಲಾಸ ಒಬ್ಬನೇ ಈ ಮನೆಯಲ್ಲಿ. ತಟ್ಟೆ ನೋಡಿದೆ. ನಿಮ್ಮ ಮದುವೆಗೆ ನಿನ್ನ ಸೋದರಮಾವ ಹೆಸರು ಹಾಕಿಸಿಕೊಟ್ಟ ಅಗಲದ ಸ್ಟೀಲ್ ತಟ್ಟೆ. ಕನ್ನಡಕವಿರಲಿಲ್ಲ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಬೆರಳಿಗೆ ಸಿಕ್ಕಿತು, ನನಗೆ ಅಷ್ಟೇ ಸಾಕಾಯಿತು. "ಇದು ನನ್ನ ಮಗನ ತಟ್ಟೆ. ಬಂದೋರು ಹೋದೋರಿಗೆಲ್ಲ ಇದರಲ್ಲಿ ಬಡಿಸಬೇಡ" ಎಂದು ಉಣ್ಣುತ್ತಿದ್ದವರ ಮುಂದಿನಿಂದ ತಟ್ಟೆ ಎತ್ತಿಕೊಂಡೆ. ಅವರ ಕೈಯಲ್ಲಿ ಅರ್ಧ ಚಪಾತಿ ಹಾಗೇ ಉಳಿಯಿತು. "ತಪ್ಪಾಯ್ತಮ್ಮ, ನಂಗೆ ಗೊತ್ತಿರಲಿಲ್ಲ" ಎಂದು ಎದ್ದು ಕೈ ತೊಳೆದುಕೊಂಡರು. ನೀನು ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ "ಆಫೀಸಿಗೆ ಹತ್ರ ಆಗುತ್ತೆ ಅತ್ತೆ" ಎಂದು ಬ್ಯಾಗು ತುಂಬಿಕೊಂಡೆ.

ಉಣ್ಣುವವರ ಮುಂದಿನ ತಟ್ಟೆ ಎತ್ತಬಾರದು. ಶತ್ರುವಾದರೂ ಎತ್ತಬಾರದು. ಇಷ್ಟು ವಯಸ್ಸಾದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೈತ್ರಿ, ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನಾನು ಮಾಡಿದ್ದು ಒರಟು, ಆದರೆ ನೀನೂ ಸ್ವಲ್ಪ ಯೋಚಿಸಬೇಕಿತ್ತು. ಮನೆಯಲ್ಲಿ ಅಷ್ಟೊಂದು ತಟ್ಟೆಗಳಿರುವಾಗ ಅವನದೇ ಯಾಕೆ? ಅವತ್ತೇ ಆ ತಟ್ಟೆ ತೊಳೆದು, ವಿಭೂತಿ ಹಚ್ಚಿ ಅವನ ಫೋಟೋದ ಮುಂದೆ ಇಟ್ಟೆ. ದಿನಾ ಬೆಳಿಗ್ಗೆ ಅದರಲ್ಲಿ ಎರಡು ಹೂವು ಹಾಕುತ್ತೇನೆ. ಅದನ್ನು ನೋಡಿದಾಗೆಲ್ಲ ನಿನ್ನ ಮೇಲೆ ಸ್ವಲ್ಪ ಕೋಪ ಬರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅರ್ಧ ಗಂಟೆಯಾಯಿತು, ನೀರು ಹಿಂಡಿ ಹರಡಿ ಬರುತ್ತೇನೆ.

ಎಂಟೂಕಾಲು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿಯಾದರೆ ಹೊಂದಿಸಿಕೊಂಡು ಓದು. ಹಿಂಡಿದ ತರಕಾರಿಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನಿನ ಕೆಳಗಿಡು ಎಂದು ಬರೆದಿದ್ದೀಯಲ್ಲ. ದಿನಾ ನಾನು ಊಟಮಾಡುವ ತಟ್ಟೆ ಸ್ಟ್ಯಾಂಡಿನಲ್ಲಿತ್ತು, ಅದಕ್ಕೆ ಹರಡಿದೆ. ಅರ್ಧ ಎಲೆಕೋಸು ಇನ್ನೂ ಉಳಿಯಿತು. ಅಷ್ಟು ಅಗಲದ್ದು ಮನೆಯಲ್ಲಿ ಇನ್ನೊಂದೇ ಇರುವುದು. ಫೋಟೋದ ಮುಂದೆ ಹೋಗಿ "ಅರ್ಧ ಗಂಟೆ ಕೊಡಪ್ಪಾ ಕೈಲಾಸ, ನಿನ್ನ ಹೆಂಡತಿಗೇ ಮಾಡ್ತಿರೋದು" ಎಂದು ಕೇಳಿಕೊಂಡು ತಟ್ಟೆ ತೆಗೆದುಕೊಂಡೆ. ನಿನ್ನ ಚೀಟಿ ಓದಲು ಹಾಕಿದ ಕನ್ನಡಕ ಮೂಗಿನ ಮೇಲೇ ಇತ್ತು. ಹೂವು ಕೊಡವಿ, ವಿಭೂತಿ ಒರೆಸಿ ಅಂಚು ನೋಡಿದರೆ ಅಲ್ಲಿ ಕೊರೆದಿರುವುದು ನಿನ್ನ ಹೆಸರು. ಮೈತ್ರಿ ಎಂದು, ಪಕ್ಕದಲ್ಲಿ ಒಂದು ಪುಟ್ಟ ಹೂವು.

ಜೋಡಿ ತಟ್ಟೆಗಳಲ್ಲವೇ ಅವು. ಒಂದೇ ಅಗಲ, ಒಂದೇ ತೂಕ. ಹಾಗಾದರೆ ಅವನದು ಎಲ್ಲಿ ಎಂದು ಸುತ್ತಲೂ ನೋಡಿದೆ. ಆಮೇಲೆ ಮೊದಲ ತಟ್ಟೆಯ ಎಲೆಕೋಸನ್ನು ಬೆರಳಿನಿಂದ ಸರಿಸಿದೆ. ಕೈಲಾಸ್. ಮೂರು ವಾರದಿಂದ ನಾನು ಸೊಸೆಯ ತಟ್ಟೆಗೆ ಹೂವು ಹಾಕುತ್ತಾ, ಮಗನ ತಟ್ಟೆಯಲ್ಲಿ ರೊಟ್ಟಿ ತಿಂದಿದ್ದೇನೆ. ನಿಂತಲ್ಲೇ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎಲೆಕೋಸಿಗೆ ಇನ್ನು ಉಪ್ಪು ಬೇಕಾಗಲಾರದು. ನೀನು ಬಂದವರಿಗೆ ನಿನ್ನ ತಟ್ಟೆಯಲ್ಲಿ ಬಡಿಸಿದ್ದೆ. ನಿನ್ನದನ್ನು ನೀನು ಕೊಟ್ಟಿದ್ದೆ, ನಾನು ನನ್ನದೆಂದು ಕಿತ್ತುಕೊಂಡೆ. "ಅತ್ತೆ, ಅದು ನಂದು" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅಂದಿದ್ದರೆ ಹೊರಗಿನವರ ಎದುರು ನನ್ನ ಮುಖ ಎಲ್ಲಿಗೆ ಹೋಗುತ್ತಿತ್ತು ಎಂದು ನೀನು ಸುಮ್ಮನಿದ್ದೆ. ಅಷ್ಟು ಈಗ ಅರ್ಥವಾಗುತ್ತಿದೆ. ನನ್ನ ಮುಖ ಉಳಿಸಲು ಹೋಗಿ ನೀನು ನಿನ್ನ ಮನೆಯನ್ನೇ ಬಿಟ್ಟೆ. ನನ್ನಿಂದ ತಪ್ಪಾಯಿತು ಮೈತ್ರಿ. ಆ ದಿನ ಅವರು ಹೇಳಿದ ಮಾತು ನಾನು ಹೇಳಬೇಕಾಗಿತ್ತು.

ಇನ್ನೂ ಒಂದು ಇದೆ, ಅದನ್ನೂ ಬರೆಯದಿದ್ದರೆ ಈ ಚಡಪಡಿಕೆ ಹೋಗುವುದಿಲ್ಲ. ಅವತ್ತು ನನಗೆ ಸಿಟ್ಟು ಬಂದದ್ದು ತಟ್ಟೆಗಾಗಿ ಅಲ್ಲ. ಬರುವ ದೀಪಾವಳಿಗೆ ಕೈಲಾಸ ಲಿಂಗೈಕ್ಯನಾಗಿ ಮೂರು ವರ್ಷ. ಈ ಮೂರು ವರ್ಷ ನೀನು ನನ್ನನ್ನು ಒಂದು ದಿನವೂ ಒಂಟಿ ಎನ್ನಿಸಲು ಬಿಡಲಿಲ್ಲ. ನಿನ್ನನ್ನು ಕಳುಹಿಸಿಬಿಟ್ಟರೆ ನನಗೆ ಯಾರು ಎನ್ನುವ ಹೆದರಿಕೆ ಅದು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಸತ್ತ ಮಗನ ಹೆಸರು ಅಡ್ಡ ಹಿಡಿದೆ. ಅವನು ಇದ್ದಿದ್ದರೆ ನನ್ನನ್ನು ಚೆನ್ನಾಗಿ ಬೈಯುತ್ತಿದ್ದ. ನಿನಗೆ ಇನ್ನೂ ಮೂವತ್ತನಾಲ್ಕು. ನಿನ್ನನ್ನೂ ಜಾಡಿಗೆ ಹಾಕಿ, ಬಟ್ಟೆ ಕಟ್ಟಿ, ವರ್ಷಗಟ್ಟಲೆ ಇಟ್ಟುಕೊಳ್ಳಬಹುದು ಎಂದುಕೊಂಡಿದ್ದೆನೋ ಏನೋ.

ಎಂಟೂ ಮುಕ್ಕಾಲು. ಬೆರೆಸಿ ಮುಗಿಸಿದೆ. ಹುರಿದ ಮೆಂತ್ಯ, ಸಾಸಿವೆ ಪುಡಿ, ಖಾರದ ಪುಡಿ, ಮೂರು ನಿಂಬೆಹಣ್ಣು, ಮೇಲೆ ಇಂಗಿನ ಒಗ್ಗರಣೆ ಆರಿಸಿ ಸುರಿದಿದ್ದೇನೆ. ಬಿಸಿ ಎಣ್ಣೆ ಹಾಕಿದರೆ ಎಲೆಕೋಸು ಸತ್ತುಹೋಗುತ್ತದೆ ಎಂದು ನೀನು ಬರೆದದ್ದನ್ನು ಪಾಲಿಸಿದ್ದೇನೆ. ರುಚಿ ನೋಡಿದೆ. ಖಾರ ಕಿವಿಗೆ ಹೋಯಿತು, ಹುಳಿ ಸರಿಯಿದೆ. ನಿನ್ನದರಷ್ಟು ಗರಿಗರಿಯಾಗಿಲ್ಲ, ಕಾಗದ ಬರೆಯುವ ನಡುವೆ ಹಿಂಡುವುದು ಕಡಿಮೆಯಾಗಿರಬೇಕು. ನಾಲ್ಕು ದಿನದಲ್ಲಿ ಮುಗಿಸಿಬಿಡು, ಇಡಬೇಡ.

ನಿನ್ನ ಆರೋಗ್ಯ ನೋಡಿಕೋ, ಸಿಲ್ಕ್ ಬೋರ್ಡಿನ ಕಡೆ ರಸ್ತೆ ದಾಟುವಾಗ ಫೋನ್ ನೋಡಬೇಡ. ನಿನ್ನ ಅಮ್ಮನಿಗೆ ನನ್ನ ಶರಣು ತಿಳಿಸು. ನೀನು ಎಲ್ಲಿದ್ದರೂ ತಣ್ಣಗಿರು ತಾಯಿ.

ಇಂತಿ ನಿನ್ನ ಅತ್ತೆ,
ಸಿದ್ದಗಂಗಮ್ಮ

ಕೊನೆಗೊಂದು ಮಾತು: ಕಮಲಾದೇವಿ ಕೆಳಗೆ ಸ್ಕೂಟರಿನ ಹಾರ್ನ್ ಒತ್ತುತ್ತಿದ್ದಾಳೆ. ಚೀಲದಲ್ಲಿ ಬಾಟಲಿ ಎರಡಿವೆ. ಸಣ್ಣದು ನಿನಗೆ. ದೊಡ್ಡದನ್ನು ಬಸವಪ್ರಸಾದ್ ಅವರಿಗೆ ಕೊಡು, ಅವತ್ತು ಅರ್ಧಕ್ಕೆ ಎದ್ದದ್ದಕ್ಕೆ. ನಾಡಿದ್ದು ಭಾನುವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆ ಬನ್ನಿ, ಮದುವೆಯ ಮಾತು ನಾನೇ ಎತ್ತುತ್ತೇನೆ, ಅವರು ಹೆದರಿಕೊಳ್ಳುವುದು ಬೇಡ. ತಟ್ಟೆಗಳನ್ನು ತೊಳೆದಿಟ್ಟಿದ್ದೇನೆ. ಅವರಿಗೆ ಕೈಲಾಸನ ತಟ್ಟೆಯಲ್ಲೇ ಬಡಿಸುತ್ತೇನೆ, ನಿನ್ನದು ನಿನಗೆ ಬೇಕಲ್ಲ.