ಕಂಸಾಳೆ ಕುಣಿತದ ನಡುವೆ ಮರೆತ ಸಾಲು

೨೮-೧೦-೨೦೦೮, ಮಂಗಳವಾರ, ಮಾದಪ್ಪನ ಬೆಟ್ಟ

ವರ್ಷಾನುಗಟ್ಟಲೆ ಹಾಡಿದ ಸಾಲು ಇವತ್ತೇ ಮರೆಯಬೇಕಿತ್ತೆ ಎಂದು ಇನ್ನೂ ಕೊರೆಯುತ್ತಿದೆ. ದೀಪಾವಳಿ ನೋಡಲು ಹುಬ್ಬಳ್ಳಿ ಕಡೆಯಿಂದ ಬಂದವರಿಗೆ, ಬೇಗೂರು ಸೀಮೆಯಲ್ಲಿ ನನ್ನ ಹಾಗೆ ಕಂಸಾಳೆ ಹಿಡಿಯುವವನಿಲ್ಲ ಎಂದು ನಾನೇ ಹೇಳಿಕೊಂಡಿದ್ದೆ. ಅದೇನೂ ಸುಳ್ಳಲ್ಲ. ಆದರೆ ಕುಣಿಯುತ್ತ ಮುಂದಿನ ಸಾಲು ಬಾಯಿಗೆ ಬರಲೇ ಇಲ್ಲ. ಹಾಡು ನಿಂತಿದ್ದರೆ ಅವರೆದುರು ನನ್ನ ಮಾನ ಹೋಗುತ್ತಿತ್ತು.

ಹಿಮ್ಮೇಳದಲ್ಲಿದ್ದ ಭಾವಮೈದ ಪುಟ್ಟಮಾದು ನಾನು ಕೊನೆಗೆ ಹಾಡಿದ ಸಾಲನ್ನು ಒಂದು ಸಲ ಹಾಡಿ ಸುಮ್ಮನಾಗಬಹುದಿತ್ತು. ಅವನು ತಾಳ ಏರಿಸಿ, ನನಗೆ ಮುಂದಿನದು ನೆನಪಾಗುವ ತನಕ ಎಲ್ಲರಿಂದಲೂ ಅದನ್ನೇ ಹಾಡಿಸಿದ.

ಮುಗಿದ ಮೇಲೆ ಹುಬ್ಬಳ್ಳಿ ಕಡೆಯವರಲ್ಲೊಬ್ಬ ಹೆಂಗಸು, "ಒಂದ ಸಾಲು ತಿರುಗಿ ತಿರುಗಿ ಹಾಡಿದ್ರಲ್ಲಾ, ಅದು ಭಾಳ ಚೊಲೊ ಇತ್ರಿ. ಇನ್ನೊಮ್ಮೆ ಹಾಡ್ರಿ" ಎಂದಳು.

"ಅದು ವರ್ಸಕ್ಕೊಂದೇ ಸಲ ಕಣವ್ವ" ಎಂದೆ.

ಪುಟ್ಟಮಾದು ನನ್ನ ಕಿವಿಯಲ್ಲಿ, "ಮುಂದ್ಲ ವರ್ಸನೂ ಮರ್ತುಬುಡು ಭಾವ, ಜನ ಮೆಚ್ಕತಾರೆ" ಎಂದ.

"ಬಾಯ್ಮುಚ್ಕಂಡು ಪ್ರಸಾದ ತಿನ್ಲಾ" ಎಂದೆ. ಅವನೆದುರು ನನಗೆ ಅಷ್ಟೇ ಹೇಳಲು ಬಂತು.

ಮಾದಪ್ಪ, ಅವನ ಗಂಟಲು ನೂರು ಕಾಲ ಚೆನ್ನಾಗಿಟ್ಟಿರು. ನನ್ನದಂತೂ ಹೇಗೂ ಚೆನ್ನಾಗಿಯೇ ಇದೆ.